ರಾಬರ್ಟ್ ವೈಟ್: ಜೌಗು ನೆಲದ ಹೂಗಳನ್ನು ಹುಡುಕಿದ ಡಾಕ್ಟರು



ಶ್ರಾವಣ ಕಳೆದು ಭಾದ್ರಪದ ಹಿಡಿದರೆ ಮಳೆಯ ಅಬ್ಬರ ತಗ್ಗುತ್ತದೆ, ನೆಲ ಮಾತ್ರ ಇನ್ನೂ ಒದ್ದೆಯಾಗಿಯೇ ಇರುತ್ತದೆ. ಕಾಸರಗೋಡಿನ ಪದವುಗಳಲ್ಲಿ, ಮುರಕಲ್ಲಿನ ತಗ್ಗಿನಲ್ಲಿ ನಿಂತ ತೆಳು ನೀರಿನ ಸುತ್ತ, ಕಾಕ್ಕಪ್ಪೂವಿನ ನೀಲಿ ಹರಡುವುದು ಈಗಲೇ. ಓಣಂ ರಂಗೋಲಿಗೆ ನೆರೆಮನೆಯ ಮಕ್ಕಳು ಕೊಯ್ದು ತರುವ ಆ ಪುಟ್ಟ ಹೂ ನಮ್ಮ ಅಲ್ಲಿನ ಸದಸ್ಯರಿಗೆಲ್ಲ ಗೊತ್ತು. ನೀಲಗಿರಿಯಲ್ಲಿ ಗುಡ್ಡ ಗುಡ್ಡಗಳ ನಡುವೆ ನೀರು ಜಿನುಗುವ ಜೌಗುಗಳು ಬಣ್ಣ ತಳೆಯುವುದೂ ಈ ತಿಂಗಳಲ್ಲೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಸದಸ್ಯರು ನಮ್ಮ ಕಡೆ ಜೌಗೆಲ್ಲಿ ಬಂತು ಎನ್ನಬಹುದು. ಅವರು ಸಾತಾರಾ ಪಕ್ಕದ ಕಾಸ್ ಪ್ರಸ್ಥಭೂಮಿಗೆ ಹೋದರಾಯಿತು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೂ.

ಹೀಗೆ ಮಳೆಗಾಲದ ಕೊನೆಯಲ್ಲಿ ಹೂ ನೋಡಲು ಹೋದವರು ಗಿಡದ ಹೆಸರು ಹುಡುಕಲು ಪುಸ್ತಕ ತೆರೆದರೆ ಒಂದು ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಪಾರ್ನಾಸಿಯಾ ವೈಟಿಯಾನಾ, ಎಕ್ಸಾಕಮ್ ವೈಟಿಯಾನಮ್, ಇನ್ನಾವುದೋ ವೈಟಿಯೈ. ಇದು ಬಿಳಿ ಬಣ್ಣದ ವೈಟ್ ಅಲ್ಲ. ನೂರೈವತ್ತು ವರ್ಷಗಳ ಹಿಂದೆ ತೀರಿಕೊಂಡ ಡಾಕ್ಟರ್ ರಾಬರ್ಟ್ ವೈಟ್ ಅವರ ಹೆಸರು. ಈ ಸಲದ ಬದುಕಿನ ಕಥೆಗೆ ಅವರನ್ನೇ ಆರಿಸಿಕೊಂಡಿದ್ದೇವೆ. ಜೊತೆಗೆ ಇನ್ನಿಬ್ಬರು ಬರುತ್ತಾರೆ. ಅವರ ಹೆಸರು ಹೂಗಳ ಪಟ್ಟಿಯಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ನಮಗೆ ಈ ಕಥೆ ಬೇಕೆನಿಸಿದ್ದು ಮುಖ್ಯವಾಗಿ ಅವರಿಬ್ಬರಿಗಾಗಿ.

ವೈಟ್ ಹುಟ್ಟಿದ್ದು 1796ರ ಜುಲೈ 6ರಂದು, ಸ್ಕಾಟ್ಲೆಂಡಿನ ಈಸ್ಟ್ ಲೋಥಿಯನ್ ಸೀಮೆಯ ಮಿಲ್ಟನ್ ಎಂಬಲ್ಲಿ. ತಂದೆ ವಕೀಲರು. ಮಗ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1818ರಲ್ಲಿ ಪದವಿ ಪಡೆದರು. ಆಗಿನ ಕಾಲದಲ್ಲಿ ಡಾಕ್ಟರಾಗುವವನು ಗಿಡಮೂಲಿಕೆ ಗೊತ್ತಿಲ್ಲದೆ ಡಾಕ್ಟರಾಗುವಂತಿರಲಿಲ್ಲ. ಔಷಧಗಳಲ್ಲಿ ಹೆಚ್ಚಿನವು ಬರುತ್ತಿದ್ದದ್ದು ಗಿಡದಿಂದಲೇ. ಹಾಗಾಗಿ ಸಸ್ಯಶಾಸ್ತ್ರವೂ ಪಾಠದಲ್ಲಿತ್ತು. ಅದನ್ನು ಕಲಿಸಿದವರು ಡೇನಿಯಲ್ ರುದರ್‌ಫರ್ಡ್. ಗಾಳಿಯಲ್ಲಿ ಸಾರಜನಕವಿದೆ ಎಂದು ಕಂಡುಹಿಡಿದು ಹೆಸರಾದವರು. 1819ರಲ್ಲಿ, ಇಪ್ಪತ್ಮೂರರ ಹರೆಯದಲ್ಲಿ, ವೈಟ್ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸರ್ಜನ್ ಆಗಿ ಮದರಾಸು ಪ್ರಾಂತ್ಯಕ್ಕೆ ಬಂದರು. ಪಲ್ಟನ್ನಿನ ಸಿಪಾಯಿಗಳ ಜ್ವರ, ಹುಣ್ಣು, ವಾಂತಿಭೇದಿ ನೋಡಿಕೊಳ್ಳುವುದು ಕೆಲಸ. ಪಲ್ಟನ್ ಎಲ್ಲಿಗೆ ಹೊರಟರೆ ಡಾಕ್ಟರೂ ಅಲ್ಲಿಗೆ. ಬೀಡು ಬಿಟ್ಟ ಕಡೆಯೆಲ್ಲ ಅವರು ಗಿಡ ಹುಡುಕತೊಡಗಿದರು.

1826ರಲ್ಲಿ ಅವರಿಗೆ ಮನಸ್ಸಿಗೊಪ್ಪುವ ಹುದ್ದೆ ಸಿಕ್ಕಿತು: ಮದರಾಸಿನ ಸರಕಾರಿ ನ್ಯಾಚುರಲಿಸ್ಟ್. ಅಂದರೆ ಗಿಡ, ಪ್ರಾಣಿ, ಕಲ್ಲು ಮಣ್ಣುಗಳ ಪರಿಶೀಲಕರು. ಎರಡೇ ವರ್ಷಕ್ಕೆ ಸರಕಾರ ಖರ್ಚು ಕಡಿಮೆ ಮಾಡಬೇಕೆಂದು ಆ ಹುದ್ದೆಯನ್ನೇ ತೆಗೆದುಹಾಕಿತು. ಅಲ್ಲಿದ್ದ ಸಂಗ್ರಹವೆಲ್ಲ ಲಂಡನ್ನಿಗೆ ಹೋಯಿತು. ವೈಟ್ ಮತ್ತೆ ಡಾಕ್ಟರಾಗಿ ನಾಗಪಟ್ಟಣಕ್ಕೆ ಹೋದರು. ಮಂಜೂರಾದ ಹುದ್ದೆ ರದ್ದಾಗುವುದು, ಕೂಡಿಟ್ಟ ಕಡತ ಬೇರೆಯವರ ಪಾಲಾಗುವುದು ಗಡಿ ಊರುಗಳ ನಮಗೇನು ಹೊಸದಲ್ಲ. ಕಂಪನಿ ಸರಕಾರದಲ್ಲೂ ಅದೇ ಪದ್ಧತಿ ಇತ್ತು ಎಂದಷ್ಟೇ ಇಲ್ಲಿ ಹೇಳುತ್ತೇವೆ.

ಹುದ್ದೆ ಹೋದ ಮೇಲೆ ವೈಟ್ ಸುಮ್ಮನೆ ಕೂರಲಿಲ್ಲ. ಸ್ವಂತ ಹಣದಲ್ಲಿ ಕೆಲಸ ಮುಂದುವರಿಸಿದರು. ಗ್ಲಾಸ್ಗೋದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಹೂಕರ್ ಅವರಿಗೆ ಕಾಗದ ಬರೆದು ಒಣಗಿಸಿದ ಗಿಡಗಳನ್ನೂ ಚಿತ್ರಗಳನ್ನೂ ಕಳಿಸಿದರು. ಆ ಚಿತ್ರಗಳನ್ನು ಬರೆದವರು ರಂಗಯ್ಯ. ಹೂಕರ್ ಕೆಲವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಹೀಗೆ ತಮಿಳುನಾಡಿನ ಕಡಲತೀರದಲ್ಲಿ ಕೂತು ಒಬ್ಬ ಚಿತ್ರಗಾರ ಬರೆದದ್ದು ಸ್ಕಾಟ್ಲೆಂಡಿನ ವಿದ್ವಾಂಸರ ಮೇಜಿನ ಮೇಲೆ ಹರಡಿಕೊಂಡಿತು.

1831ರಲ್ಲಿ ವೈಟ್ ಮೂರು ವರ್ಷದ ರಜೆ ಹಾಕಿ ಊರಿಗೆ ಹೊರಟಾಗ ಅವರ ಸಾಮಾನಿನಲ್ಲಿ ಒಣಗಿಸಿದ ಗಿಡದ ಮಾದರಿಗಳೇ ಸುಮಾರು ಒಂದು ಲಕ್ಷ. ಮೂರು ನಾಲ್ಕು ಸಾವಿರ ಜಾತಿ. ತೂಕ ಎರಡು ಟನ್. ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳುವ ಬದಲು ಜಾರ್ಜ್ ವಾಕರ್ ಆರ್ನಾಟ್ ಎಂಬ ಗೆಳೆಯರ ಜೊತೆ ಕೂತು ಆ ಗಂಟುಗಳನ್ನು ಬಿಚ್ಚಿದರು. 1834ರಲ್ಲಿ ದಕ್ಷಿಣ ಭಾರತದ ಗಿಡಗಳ ಬಗ್ಗೆ ಅವರಿಬ್ಬರ ಗ್ರಂಥದ ಮೊದಲ ಸಂಪುಟ ಬಂತು. ಎರಡನೆಯ ಸಂಪುಟ ಬರಲೇ ಇಲ್ಲ. ಇಂದಿಗೂ ಎಷ್ಟೋ ಗಿಡಗಳ ಹೆಸರಿನ ಹಿಂದೆ ಇವರಿಬ್ಬರ ಹೆಸರು ಜೋಡಿಯಾಗಿ ನಿಂತಿರುತ್ತದೆ.

ಅದೇ ವರ್ಷ ವಾಪಸು ಬಂದವರನ್ನು ಬಳ್ಳಾರಿಗೆ, 33ನೆಯ ಪಲ್ಟನ್ನಿಗೆ ಹಾಕಿದರು. ಆದೋನಿ, ರಾಯದುರ್ಗದ ಸದಸ್ಯರು ಇಲ್ಲಿ ಸ್ವಲ್ಪ ನಿಲ್ಲಬೇಕು. 1953ರಲ್ಲಿ ಗಡಿ ಗೆರೆ ಬೀಳುವವರೆಗೆ ನಿಮ್ಮ ತಾಲೂಕುಗಳು ಬಳ್ಳಾರಿ ಜಿಲ್ಲೆಯವೇ ತಾನೆ. ಕಪ್ಪು ಮಣ್ಣು, ಬಂಡೆಗುಡ್ಡ, ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ಸೀಮೆ. ಮುಂದೆ ಜೌಗಿನ ಹೂಗಳಿಗೆ ಹೆಸರಿಡಲಿದ್ದವರು ಹೀಗೆ ಒಂದಷ್ಟು ಕಾಲ ಕನ್ನಡ ನಾಡಿನ ಅತಿ ಒಣ ನೆಲದಲ್ಲಿದ್ದರು. ಅಲ್ಲಿಂದ ಪಲ್ಟನ್ ದಕ್ಷಿಣದ ತುದಿಯ ಪಾಳಯಂಕೋಟೆಗೆ ಹೊರಟಿತು. ಏಳುನೂರು ಮೈಲಿಯ ದಾರಿ. ಕರಿಮಣ್ಣಿನಿಂದ ಹೊರಟು ತಾಳೆಮರದ ಸೀಮೆ ಮುಟ್ಟುವ ಈ ನಡಿಗೆಯಲ್ಲಿ ಪಶ್ಚಿಮಘಟ್ಟದ ಬೆಟ್ಟಗಳು ಅವರಿಗೆ ಹತ್ತಿರವಾದವು.

1836ರ ಸೆಪ್ಟೆಂಬರಿನಲ್ಲಿ ವೈಟ್ ಪಳನಿ ಬೆಟ್ಟ ಹತ್ತಿದರು. ತಿಂಗಳು ಗಮನಿಸಿ. ದೊರೆಗಳು ಸಾಮಾನ್ಯವಾಗಿ ಬೆಟ್ಟ ಹತ್ತುತ್ತಿದ್ದದ್ದು ಏಪ್ರಿಲ್, ಮೇ ತಿಂಗಳ ಸೆಖೆ ತಪ್ಪಿಸಿಕೊಳ್ಳಲು. ಆಗ ಬೆಟ್ಟದ ಹುಲ್ಲು ಒಣಗಿರುತ್ತದೆ, ಜೌಗಿನಲ್ಲಿ ಹೂ ಕಡಿಮೆ. ಹೂ ಬೇಕೆನ್ನುವವನು ಮಳೆಯ ಬೆನ್ನಿಗೇ ಹೋಗಬೇಕು. ಬಟ್ಟೆ ಒದ್ದೆಯಾಗುತ್ತದೆ, ಕಾಲಿಗೆ ಇಂಬಳ ಹತ್ತುತ್ತದೆ, ಗಿಡ ಒಣಗಿಸಲು ತಂದ ಕಾಗದ ತಾನೇ ಬೂಸ್ಟು ಹಿಡಿಯುತ್ತದೆ. ವೈಟ್ ಅಂಥ ದಿನಗಳಲ್ಲಿ ಹೋಗಿ, ನೂರಾರು ಜಾತಿ ಗಿಡ ಗುರುತಿಸಿ, ಮರುವರ್ಷ ಮದರಾಸಿನ ಪತ್ರಿಕೆಯೊಂದರಲ್ಲಿ ಆ ಬೆಟ್ಟಗಳ ಬಗ್ಗೆ ದೀರ್ಘವಾಗಿ ಬರೆದರು. ಅವರ ಹುಟ್ಟೂರಿನ ಕಡೆ ಅದು ಬೇಸಿಗೆಯ ಕೊನೆ. ನಮ್ಮ ಕಡೆ ಮಳೆಗಾಲದ ಕೊನೆ. ಎರಡೂ ಕಡೆ ಜೌಗು ಹೂ ಬಿಡುವ ಹೊತ್ತು ಅದೇ.

ಆ ಹೊತ್ತಿಗೆ ಸರಕಾರ ಅವರನ್ನು ಪಲ್ಟನ್ನಿನಿಂದ ಬಿಡಿಸಿ ಕಂದಾಯ ಇಲಾಖೆಗೆ ತೆಗೆದುಕೊಂಡಿತ್ತು. ಹತ್ತಿ, ಹೊಗೆಸೊಪ್ಪು ಮುಂತಾದ ಬೆಳೆಗಳ ಬಗ್ಗೆ ವರದಿ ಮಾಡುವ ಕೆಲಸ. 1838ರಲ್ಲಿ ಮದರಾಸಿನಲ್ಲಿ ರೋಸಾ ಫೋರ್ಡ್ ಅವರನ್ನು ಮದುವೆಯಾದರು. 1842ರಿಂದ ಕೊಯಮತ್ತೂರಿನಲ್ಲಿ ಬಿಡಾರ. ಆಗಿನ ಕೊಯಮತ್ತೂರು ಜಿಲ್ಲೆ ಎಂದರೆ ತಾಳವಾಡಿ, ಕೊಳ್ಳೇಗಾಲಗಳೂ ಸೇರಿದ ದೊಡ್ಡ ಸೀಮೆ. ನೀಲಗಿರಿ ಕಣ್ಣೆದುರಿಗೇ. ಇಲ್ಲಿಂದ ಅವರ ಬದುಕಿನ ಅತ್ಯಂತ ಫಲವತ್ತಾದ ಹತ್ತು ವರ್ಷ ಶುರುವಾಗುತ್ತದೆ.

ನೀಲಗಿರಿಯ ಜೌಗನ್ನು ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇವೆ. ಅಲ್ಲಿ ಗುಡ್ಡದ ಮೈ ತುಂಬ ಹುಲ್ಲು. ಮಡಿಕೆಗಳಲ್ಲಿ ಶೋಲಾ ಕಾಡು. ಎರಡು ಗುಡ್ಡ ಸೇರುವ ಅಡಿಯಲ್ಲಿ, ಹೆಚ್ಚು ಇಳಿಜಾರಿಲ್ಲದ ಕಡೆ, ನೀರು ಹರಿದು ಹೋಗಲಾರದೆ ಜಿನುಗುತ್ತಾ ಉಳಿಯುತ್ತದೆ. ಸತ್ತ ಹುಲ್ಲು, ಪಾಚಿ ಆ ತಣ್ಣನೆ ನೀರಿನಲ್ಲಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತದೆ. ಸಾವಿರಾರು ವರ್ಷ ಹೀಗೆ ಕೂತು ಕಪ್ಪು ಸ್ಪಂಜಿನಂಥ ನೆಲವಾಗುತ್ತದೆ. ಕಾಲಿಟ್ಟರೆ ಅದುರುತ್ತದೆ, ಎತ್ತಿದರೆ ಹೆಜ್ಜೆಯ ಗುಂಡಿ ನೀರು ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲೂ ಬೆಟ್ಟದ ತೊರೆ ಬತ್ತದಿರುವುದಕ್ಕೆ ಈ ಸ್ಪಂಜೂ ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಈ ಕಪ್ಪು ಪದರಗಳನ್ನು ಪರೀಕ್ಷಿಸಿ, ಹಿಂದಿನ 20,000 ವರ್ಷಗಳಲ್ಲಿ ಇಲ್ಲಿನ ಹವೆ ಹೇಗೆ ಬದಲಾಯಿತೆಂದು ಓದಿದ್ದಾರೆ. ಅವರ ಲೇಖನ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತು.

ಇಂಥ ನೆಲದಲ್ಲಿ ಗೊಬ್ಬರದ ಸತ್ವ ಕಡಿಮೆ. ಬೆಳೆಯುವ ಗಿಡಗಳೂ ಚಿಕ್ಕವು, ಉಪಾಯದವು. ಡ್ರೊಸೆರಾ ಎಲೆಯ ಮೇಲೆ ಇಬ್ಬನಿಯಂಥ ಅಂಟು ಹನಿ ಇಟ್ಟುಕೊಂಡು ನೊಣ ಹಿಡಿಯುತ್ತದೆ. ಕಾಕ್ಕಪ್ಪೂವಿನ ಬಳಗದ ಯುಟ್ರಿಕ್ಯುಲೇರಿಯಾಗಳು ಕೆಸರಿನೊಳಗೆ ಸಾಸಿವೆಗಿಂತ ಸಣ್ಣ ಚೀಲ ಬಿಚ್ಚಿ ನೀರಿನ ಹುಳುಗಳನ್ನು ಎಳೆದುಕೊಳ್ಳುತ್ತವೆ. ಬಿಳಿ ಗುಂಡಿಗಳನ್ನು ಕಡ್ಡಿಗೆ ಚುಚ್ಚಿದಂತಿರುವುದು ಎರಿಯೊಕಾಲನ್. ಐದು ಬಿಳಿ ಎಸಳಿನ ಅಂಚಿಗೆ ಕೂದಲೆಳೆಯಂಥ ಜಾಲರಿ ಇದ್ದರೆ ಅದು ಪಾರ್ನಾಸಿಯಾ ವೈಟಿಯಾನಾ. ಈ ಪಾರ್ನಾಸಿಯಾದ ಇನ್ನೊಂದು ಜಾತಿ ಸ್ಕಾಟ್ಲೆಂಡಿನ ಜೌಗುಗಳಲ್ಲೂ ಬೇಸಿಗೆಯ ಕೊನೆಗೇ ಅರಳುತ್ತದೆ. ಡ್ರೊಸೆರಾ ಕೂಡ ಅಲ್ಲಿದೆ. ಊರು ಬಿಟ್ಟು ಸಾವಿರಾರು ಮೈಲಿ ಬಂದ ಮನುಷ್ಯನಿಗೆ ಕೆಸರಿನಲ್ಲಿ ಬಗ್ಗಿ ನೋಡಿದಾಗ ತಮ್ಮೂರಿನ ಹೂವಿನ ತಂಗಿ ಕಂಡಂತಾಗಿರಬೇಕು. ಇದು ನಮ್ಮ ಊಹೆ ಮಾತ್ರ. ಊರು ಬಿಟ್ಟವರೆಲ್ಲ ಮಾಡಬಹುದಾದ ಊಹೆ.

ಜೌಗಿನ ಅಂಚಿನಲ್ಲಿ, ತೊರೆಯ ದಡದಲ್ಲಿ, ಶೋಲಾದ ಒದ್ದೆ ನೆರಳಿನಲ್ಲಿ ಇಂಪೇಶನ್ಸ್ ಗಿಡಗಳು. ಮನೆಯಂಗಳದಲ್ಲಿ ಬೆಳೆಸುವ ಕರ್ಣಕುಂಡಲದ ಕಾಡು ಬಂಧುಗಳು. ಮುಟ್ಟಿದರೆ ಕಾಯಿ ಸಿಡಿದು ಬೀಜ ಚಿಮ್ಮುತ್ತದಲ್ಲ, ಅದೇ. ವೈಟ್ ಅವರನ್ನು ಇವು ಬಹಳ ಸೆಳೆದವು. ಹಲವು ಹೊಸ ಜಾತಿಗಳಿಗೆ ಹೆಸರಿಟ್ಟರು. ಅವುಗಳಲ್ಲಿ ಒಂದಕ್ಕೆ ಮೊಡೆಸ್ಟಾ, ಅಂದರೆ ಸಂಕೋಚದವಳು ಎಂದು.

ಈ ಕರ್ಣಕುಂಡಲಗಳ ಜೊತೆ ಒಂದು ತೊಂದರೆ ಇದೆ. ನಮ್ಮ ಕಥೆಯ ಗಂಟು ಇರುವುದೂ ಇಲ್ಲೇ. ಸಸ್ಯಶಾಸ್ತ್ರದಲ್ಲಿ ಹೊಸ ಗಿಡ ಸಿಕ್ಕಿತೆಂದರೆ ಅದನ್ನು ಕಾಗದದ ನಡುವೆ ಒತ್ತಿ, ಒಣಗಿಸಿ, ರಟ್ಟಿಗೆ ಅಂಟಿಸಿ ಇಡುತ್ತಾರೆ. ಅದೇ ಸಾಕ್ಷಿ. ಹುಲ್ಲು, ಜಾಲಿ, ತುಂಬೆ ಯಾವುದನ್ನು ಒತ್ತಿದರೂ ನೂರು ವರ್ಷದ ಮೇಲೂ ಗುರುತು ಹಿಡಿಯಬಹುದು. ಕರ್ಣಕುಂಡಲದ ಹೂ ಹಾಗಲ್ಲ. ಅದು ನೀರು ತುಂಬಿದ ತೆಳು ಪೊರೆ. ಬಾಲದಂಥ ಕೊಂಬು, ಒಂದರೊಳಗೊಂದು ಸೇರಿದ ಎಸಳು. ಒತ್ತಿದ ಕೂಡಲೇ ಎಲ್ಲ ಅಪ್ಪಚ್ಚಿಯಾಗಿ ಕಾಗದಕ್ಕೆ ಕಲೆಯಂತೆ ಅಂಟಿಕೊಳ್ಳುತ್ತದೆ. ಯಾವ ಎಸಳು ಯಾವುದಕ್ಕೆ ಸೇರಿತ್ತು, ಕೊಂಬು ಎಷ್ಟು ಬಾಗಿತ್ತು, ಬಣ್ಣ ಯಾವುದು ಒಂದೂ ತಿಳಿಯದು. ವಿಲಿಯಂ ಹೂಕರ್ ಅವರ ಮಗ ಜೋಸೆಫ್ ಹೂಕರ್ ತಮ್ಮ ಇಳಿವಯಸ್ಸಿನ ವರ್ಷಗಳನ್ನು ಇಂಥ ಒಣ ಕಲೆಗಳನ್ನು ನೀರಿನಲ್ಲಿ ನೆನೆಸಿ ಬಿಡಿಸುವುದರಲ್ಲೇ ಕಳೆದರು. ಯುಟ್ರಿಕ್ಯುಲೇರಿಯಾದ ಹೂವಿನದೂ ಹೆಚ್ಚುಕಡಿಮೆ ಇದೇ ಪಾಡು.

ಹಾಗಾದರೆ ಉಳಿದ ದಾರಿ ಒಂದೇ. ಹೂ ಬಾಡುವ ಮುಂಚೆ, ಅಲ್ಲೇ, ಆ ಹೊತ್ತಿಗೇ ಯಾರಾದರೂ ಅದನ್ನು ಬರೆದುಕೊಳ್ಳಬೇಕು. ಇಡೀ ಗಿಡ ಬರೆದರೆ ಸಾಲದು. ಹೂವನ್ನು ಸೀಳಿ, ಕೇಸರ ಬಿಡಿಸಿ, ಅಂಡಾಶಯ ಕತ್ತರಿಸಿ, ಭೂತಗನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ವೈಟ್ ಅವರಿಗೆ ಆ ಕೆಲಸ ಮಾಡಿಕೊಟ್ಟವರು ಮೊದಲು ರಂಗಯ್ಯ, ಆಮೇಲೆ ಗೋವಿಂದು.

ರಂಗಯ್ಯನವರು 1820ರ ದಶಕದ ನಡುವಿನಿಂದ ಸುಮಾರು ಇಪ್ಪತ್ತು ವರ್ಷ ವೈಟ್ ಅವರ ಜೊತೆಗಿದ್ದರು. ಅವರ ನಂತರ 1853ರವರೆಗೆ ಗೋವಿಂದು. ಇಬ್ಬರೂ ತಂಜಾವೂರಿನ ಚಿತ್ರಗಾರರ ಪರಂಪರೆಯವರು, ತೆಲುಗು ಮನೆಮಾತಿನ ರಾಜು ಮನೆತನಗಳವರು ಎಂದು ವಿದ್ವಾಂಸರು ಊಹಿಸುತ್ತಾರೆ. ಹಾಗಿದ್ದರೆ ಅವರೂ ನಮ್ಮ ಹಾಗೆಯೇ: ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಕೆಲಸದ ಜಾಗದಲ್ಲಿ ಮತ್ತೊಂದು. ತಂಜಾವೂರಿನ ಚಿತ್ರವೆಂದರೆ ನಮಗೆ ನೆನಪಾಗುವುದು ಚಿನ್ನದ ರೇಕು, ಕಲ್ಲು ಕೂರಿಸಿದ ಬೆಣ್ಣೆಕೃಷ್ಣ. ಆ ಕೈ ಪಳಗಿದವರು ಎಸಳಿನ ನರ, ಎಲೆಯ ರೋಮ, ಬೀಜದ ಗೀರು ಬರೆಯಲು ಕೂತರು. ಇದು ಅಂಗಡಿಯಲ್ಲಿ ಹೇಳಿಕೊಟ್ಟ ವಿದ್ಯೆಯಲ್ಲ. ಡಾಕ್ಟರು ಏನನ್ನು ನೋಡುತ್ತಿದ್ದಾರೆಂದು ಚಿತ್ರಗಾರನಿಗೂ, ಚಿತ್ರಗಾರನ ಕಣ್ಣಿಗೆ ಏನು ಬಿತ್ತೆಂದು ಡಾಕ್ಟರಿಗೂ ಅರ್ಥವಾಗಬೇಕು. ಇಪ್ಪತ್ತು ವರ್ಷ ಒಟ್ಟಿಗೆ ದುಡಿದವರ ನಡುವೆ ಮಾತಿಲ್ಲದೆಯೇ ಅದು ಬೆಳೆದಿರಬೇಕು.

ಅವರ ಕೈಯಿಂದ ಬಂದ ಚಿತ್ರಗಳನ್ನು ಅಚ್ಚಿಗೆ ತರಲು ವೈಟ್ ತಾವೇ ಕಲ್ಲಚ್ಚಿನ ಕೆಲಸ ಕಲಿತರು. ಅದಕ್ಕೂ ಕಾರಣವಿತ್ತು. ಅವರಿಗಿಂತ ಸ್ವಲ್ಪ ಮುಂಚೆ ಕಲ್ಕತ್ತೆಯ ತೋಟದ ನಥಾನಿಯಲ್ ವಾಲಿಚ್ ಲಂಡನ್ನಿನಲ್ಲಿ ಹೊರತಂದ ಬಣ್ಣದ ಗ್ರಂಥ ಅರಮನೆಗಳಿಗೆ ಮಾತ್ರ ಎಟುಕುವಷ್ಟು ದುಬಾರಿ. ವೈಟ್ ಅವರಿಗೆ ಬೇಕಾಗಿದ್ದದ್ದು ಜಿಲ್ಲೆಯ ಡಾಕ್ಟರು, ತಹಸೀಲು ಕಚೇರಿಯ ಅಧಿಕಾರಿ ಕೊಳ್ಳಬಹುದಾದ ಪುಸ್ತಕ. ಮದರಾಸಿನಲ್ಲೇ ಅಚ್ಚು, ಹೆಚ್ಚಿನವು ಬಣ್ಣವಿಲ್ಲದ ಗೆರೆಚಿತ್ರ, ಕೈಗೆಟುಕುವ ಬೆಲೆ. 1838ರಿಂದ 1853ರವರೆಗೆ ಹೊರಬಂದ ಐಕೋನ್ಸ್ ಎಂಬ ಆರು ಸಂಪುಟಗಳಲ್ಲಿ 2101 ಚಿತ್ರಫಲಕಗಳಿವೆ. ಅದರ ಜೊತೆಜೊತೆಗೇ ಭಾರತದ ಸಸ್ಯಕುಟುಂಬಗಳ ಪರಿಚಯದ ಇನ್ನೊಂದು ಸಚಿತ್ರ ಗ್ರಂಥ. ನೀಲಗಿರಿಯ ಹೂಗಳಿಗೆಂದೇ ಸುಮಾರು 200 ಬಣ್ಣದ ಚಿತ್ರಗಳ ಮತ್ತೊಂದು: ಸ್ಪಿಸಿಲೇಜಿಯಂ ನೀಲಗೆರೆನ್ಸೆ. ಆ ಲ್ಯಾಟಿನ್ ಮಾತಿಗೆ ತೆನೆ ಆಯ್ದುಕೊಳ್ಳುವುದು ಎಂದರ್ಥ. ಕೊಯ್ಲಾದ ಹೊಲದಲ್ಲಿ ಉಳಿದ ತೆನೆ ಆಯುತ್ತಾರಲ್ಲ, ಹಾಗೆ. ಊಟಿಗೆ ಬಂದವರು ಕಂಡ ಹೂವಿಗೆ ಹೆಸರು ಹುಡುಕಿಕೊಳ್ಳಲಿ ಎಂಬುದು ಉದ್ದೇಶ. ಮಳೆಗಾಲದಲ್ಲಿ ಅರಳುವ ನೀಲಗಿರಿಯ ಉದ್ದನೆ ಬಿಳಿ ಲಿಲಿಗೂ ಶಾಸ್ತ್ರದ ಹೆಸರಿಟ್ಟವರು ವೈಟ್ ಅವರೇ.

ಒಟ್ಟಾರೆ ಅವರು ಲೋಕಕ್ಕೆ ಪರಿಚಯಿಸಿದ ಹೊಸ ಜಾತಿಗಳು 1200ಕ್ಕೂ ಹೆಚ್ಚು. ಅವರ ಹೆಸರು ಹೊತ್ತ ಗಿಡಗಳು ನೂರಾರು. ಒಂದು ಕುಲಕ್ಕೇ ವೈಟಿಯಾ ಎಂದು ಹೆಸರಿದೆ. ರಂಗಯ್ಯನವರ ಹೆಸರು ಚಿತ್ರಫಲಕದ ಕೆಳಗಿನ ಮೂಲೆಯಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಷ್ಟು ಸಣ್ಣ ಅಕ್ಷರದಲ್ಲಿದೆ. ಹಾಗೆ ಹೆಸರು ಹಾಕುವುದೂ ಆ ಕಾಲದಲ್ಲಿ ಅಪರೂಪವೇ. ಕಂಪನಿಯ ಬೇರೆಷ್ಟೋ ಅಧಿಕಾರಿಗಳು ಚಿತ್ರ ಬರೆಸಿಕೊಂಡು ಬರೆದವನ ಹೆಸರನ್ನೇ ಹೇಳಲಿಲ್ಲ. ವೈಟ್ ಹೇಳಿದರು, ಆ ಮರ್ಯಾದೆ ಅವರಿಗೆ ಸಲ್ಲಬೇಕು. ಗೋವಿಂದು ಅವರ ಗೌರವಕ್ಕಾಗಿ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಾ ಎಂದೂ ಹೆಸರಿಟ್ಟರು. ಆದರೆ ಆ ಗಿಡ ಮೊದಲೇ ಹೆಸರಿದ್ದ ಟ್ರೊಪಿಡಿಯಾ ಎಂಬ ಕುಲಕ್ಕೆ ಸೇರಿದ್ದೆಂದು ಆಮೇಲೆ ತೀರ್ಮಾನವಾಯಿತು. ಶಾಸ್ತ್ರದ ನಿಯಮದಂತೆ ಹಳೆಯ ಹೆಸರೇ ನಿಂತಿತು, ಗೋವಿಂದೂಯಾ ಬಿದ್ದುಹೋಯಿತು. ಯಾರ ತಪ್ಪೂ ಇಲ್ಲ. ಆದರೂ ಓದುವಾಗ ಕಸಿವಿಸಿಯಾಗುತ್ತದೆ.

ಇನ್ನೂ ಕೆಳಗೆ ಇದ್ದವರು ಗಿಡ ತರುವ ಆಳುಗಳು. ವೈಟ್ ಹೋಗಲಾಗದ ಕಡೆಗೆಲ್ಲ ಅವರು ಕಳಿಸಿದ ಇಲ್ಲಿನ ಜನ ಹೋಗಿ, ಹುಡುಕಿ, ಹೊತ್ತು ತಂದರು. ಜೌಗಿನ ಯಾವ ಮೂಲೆಯಲ್ಲಿ ಯಾವ ವಾರ ಯಾವ ಹೂ ಅರಳುತ್ತದೆಂಬುದು ಎಮ್ಮೆ ಮೇಯಿಸುವ ತೋಡರಿಗೂ ಹೊಲ ಮಾಡುವ ಬಡಗರಿಗೂ ಗೊತ್ತಿರದೆ ಮತ್ತಾರಿಗೆ ಗೊತ್ತಿರುತ್ತದೆ? ಅವರ ಬಾಯಲ್ಲಿ ಆ ಹೂಗಳಿಗಿದ್ದ ಹೆಸರುಗಳು ಲ್ಯಾಟಿನ್ ಹೆಸರುಗಳ ಪುಸ್ತಕದೊಳಗೆ ಅಷ್ಟಾಗಿ ಬರಲಿಲ್ಲ.

ವೈಟ್ ಅವರಿಗೆ ಸಂಬಳ ಬರುತ್ತಿದ್ದದ್ದು ಹೂವಿಗಲ್ಲ, ಹತ್ತಿಗೆ. ಅಮೆರಿಕದ ಉದ್ದ ಎಳೆಯ ಹತ್ತಿಯನ್ನು ಕೊಯಮತ್ತೂರಿನಲ್ಲಿ ಬೆಳೆಸಿ ತೋರಿಸಬೇಕಿತ್ತು. ಅಮೆರಿಕದಿಂದ ತೋಟಗಾರರನ್ನು ಕರೆಸಿದ್ದರು, ಯಂತ್ರ ತರಿಸಿದ್ದರು. ಮಳೆಯ ಲೆಕ್ಕ ಕೂಡಿಬರಲಿಲ್ಲ, ರೈತರಿಗೆ ಲಾಭ ಕಾಣಲಿಲ್ಲ, ಮೇಲಿನವರ ಜೊತೆ ವಾಗ್ವಾದ ನಡೆಯಿತು. ಅದೇ ಬೀಜ ಧಾರವಾಡದ ಕಡೆ ಮಾತ್ರ ಚೆನ್ನಾಗಿ ಹೊಂದಿಕೊಂಡು ಧಾರವಾಡ ಅಮೆರಿಕನ್ ಹತ್ತಿಯೆಂದು ಹೆಸರಾಯಿತು. ಕೊಯಮತ್ತೂರಿನ ಪ್ರಯೋಗವನ್ನು ಇಂದು ನೆನೆಯುವವರು ಕಡಿಮೆ.

1853ರಲ್ಲಿ ನೌಕರಿ ಮುಗಿಸಿ ವೈಟ್ ಇಂಗ್ಲೆಂಡಿಗೆ ಹೋದರು. ರೆಡಿಂಗ್ ಪಟ್ಟಣದ ಹತ್ತಿರ ಗ್ರೇಜ್ಲಿ ಎಂಬಲ್ಲಿ ಜಮೀನು ಕೊಂಡು ಬೇಸಾಯ ಮಾಡಿದರು. ಸಸ್ಯಶಾಸ್ತ್ರದ ದೊಡ್ಡ ಕೆಲಸ ಮತ್ತೆ ಮಾಡಲಿಲ್ಲ. ಅಮೆರಿಕದ ಅಂತರ್ಯುದ್ಧದಿಂದ ಲೋಕಕ್ಕೆಲ್ಲ ಹತ್ತಿ ಸಾಲದೆ ಹೋದಾಗ ಹತ್ತಿಯ ಬಗ್ಗೆ ಒಂದಷ್ಟು ಬರೆದರು. 1871ರಲ್ಲಿ ತಮ್ಮ ಗಿಡದ ಸಂಗ್ರಹವನ್ನು ಕ್ಯೂ ತೋಟಕ್ಕೆ ಕೊಟ್ಟರು. 1872ರ ಮೇ 26ರಂದು ತೀರಿಕೊಂಡರು. ಅದೇ ವರ್ಷ ಜೋಸೆಫ್ ಹೂಕರ್ ಅವರ ಬ್ರಿಟಿಷ್ ಇಂಡಿಯಾದ ಸಸ್ಯಗ್ರಂಥ ಹೊರಬರಲು ಶುರುವಾಯಿತು. ಪುಟಪುಟದಲ್ಲೂ ವೈಟ್ ಅವರ ಉಲ್ಲೇಖ. ರಂಗಯ್ಯ, ಗೋವಿಂದು ಬರೆದ ಮೂಲ ಚಿತ್ರಗಳು ಎಡಿನ್‌ಬರೋ ಮತ್ತು ಕ್ಯೂ ಸಂಗ್ರಹಗಳಲ್ಲಿ ಉಳಿದವು. ಎಡಿನ್‌ಬರೋ ತೋಟದ ಹೆನ್ರಿ ನಾಲ್ಟಿ ಅವರು ವರ್ಷಗಟ್ಟಲೆ ಹುಡುಕಾಡಿ 2007ರಲ್ಲಿ ವೈಟ್ ಅವರ ಬದುಕನ್ನೂ ಈ ಚಿತ್ರಗಳನ್ನೂ ಮೂರು ಸಂಪುಟಗಳಲ್ಲಿ ಹೊರತಂದರು. ಗ್ರಂಥದ ಹೆಸರಿನಲ್ಲಿಯೇ ರಂಗಯ್ಯ, ಗೋವಿಂದು ಇಬ್ಬರೂ ಇದ್ದಾರೆ. ನೂರೈವತ್ತು ವರ್ಷ ಮೂಲೆಯಲ್ಲಿದ್ದ ಹೆಸರು ಮುಖಪುಟಕ್ಕೆ ಬಂತು.

ಚಿತ್ರ ಉಳಿದಷ್ಟು ಜೌಗು ಉಳಿದಿಲ್ಲ. ಊಟಿಯ ಕಣಿವೆಯ ನೀರಿಗೆ ಜಾನ್ ಸಲಿವನ್ 1820ರ ದಶಕದಲ್ಲೇ ಕಟ್ಟೆ ಹಾಕಿಸಿ ಕೆರೆ ಮಾಡಿದ್ದರು. ಆ ಕೆರೆಯ ಒಂದು ಭಾಗವನ್ನು ಮತ್ತೆ ತುಂಬಿ ಕುದುರೆ ಪಂದ್ಯದ ಮೈದಾನ, ಬಸ್ ನಿಲ್ದಾಣ ಮಾಡಿದರು. ಊಟಿ ಬಸ್ಸಿಳಿದವರು ಕಾಲಿಡುವುದು ಹಳೆಯ ಕೆರೆಯಂಗಳದ ಮೇಲೆ. ವೈಟ್ ಕೊಯಮತ್ತೂರಿನಲ್ಲಿದ್ದ ಕಾಲಕ್ಕೇ, 1843ರಲ್ಲಿ, ನೀಲಗಿರಿಗೆ ಮೊದಲ ನೀಲಗಿರಿ ಮರ ಬಂತು. ಮರಕ್ಕೆ ನಾವಿಟ್ಟ ಹೆಸರೇ ನಗು ಬರಿಸುವಂಥದ್ದು, ಅದು ಆಸ್ಟ್ರೇಲಿಯಾದ್ದು. ಹಾಗೆಯೇ ವಾಟಲ್, ಚಹಾ, ಆಲೂಗಡ್ಡೆ. ಜೌಗಿಗೆ ಕಾಲುವೆ ತೋಡಿ ನೀರು ಬಸಿದು ತರಕಾರಿ ಬೆಳೆದರು. ಪೈಕಾರಾ, ಕುಂದಾ ವಿದ್ಯುತ್ ಯೋಜನೆಗಳ ಅಣೆಕಟ್ಟುಗಳು ಕಣಿವೆಯ ತಳಗಳನ್ನು ಮುಳುಗಿಸಿದವು. ಹೊಟ್ಟೆಪಾಡಿಗೆ ಆಲೂಗಡ್ಡೆ ಹಾಕಿದ ನಮ್ಮ ನೀಲಗಿರಿಯ ಸದಸ್ಯ ಕುಟುಂಬಗಳನ್ನು ದೂರುವ ಉದ್ದೇಶ ನಮಗಿಲ್ಲ. ಆದರೆ ತೋಡರು ತಮ್ಮ ಗುಡಿಗಳಿಗೆ ಹೊದಿಸುವ ಹುಲ್ಲು ಬೆಳೆಯುವುದು ಜೌಗಿನಲ್ಲಿ ಮಾತ್ರ. ಅದರ ಶಾಸ್ತ್ರದ ಹೆಸರು ಎರಿಯೊಕ್ರೈಸಿಸ್ ರಂಗಾಚಾರಿಯೈ. ಹುಲ್ಲುಗಳ ಪಂಡಿತರಾಗಿದ್ದ ಕೆ. ರಂಗಾಚಾರಿ ಅವರ ನೆನಪಿನದು. ಈಗ ಅದನ್ನು ಹುಡುಕಿಕೊಂಡು ಹೋಗಬೇಕಾಗಿದೆ. ಕಾಸರಗೋಡಿನ ಪದವುಗಳಲ್ಲೂ ಮುರಕಲ್ಲು ಕೀಳುವ ಕೋರೆಗಳು ಹೆಚ್ಚಿದಂತೆ ಮಳೆನೀರು ನಿಲ್ಲುವ ತಗ್ಗುಗಳು ಕಡಿಮೆಯಾಗುತ್ತಿರುವುದನ್ನು ಅಲ್ಲಿನ ಸದಸ್ಯರು ದಿನಾ ನೋಡುತ್ತಿದ್ದಾರೆ.

ಈಗ ಕಾರ್ಯಕ್ರಮದ ವಿಷಯ. ಸೆಪ್ಟೆಂಬರಿನ ಕೊನೆಯ ಭಾನುವಾರ ಆಯಾ ಊರಿನ ಸದಸ್ಯರು ತಮ್ಮ ಹತ್ತಿರದ ಒಂದು ಒದ್ದೆ ನೆಲಕ್ಕೆ ಹೋಗಿಬರಬೇಕೆಂದು ಕೋರುತ್ತೇವೆ. ಪದವು, ಗದ್ದೆ ಬದು, ಕೆರೆಯಂಗಳ, ಹಳ್ಳದ ದಂಡೆ ಯಾವುದಾದರೂ ಆದೀತು. ಮಡಕಶಿರಾ, ರಾಯದುರ್ಗದ ಕಡೆಯವರಿಗೆ ಕೆರೆಯ ಹಿಂದಿನ ಜವುಗು ಸಾಕು. ನೀಲಗಿರಿಯವರು ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗಬಾರದು. ರಸ್ತೆ ಬದಿಯ ಜೌಗುಗಳಲ್ಲೇ ನೋಡುವಷ್ಟಿದೆ. ಹೂ ಕೀಳುವುದು ಬೇಡ, ಸ್ಪಂಜಿನ ನೆಲದ ನಡುವೆ ಕಾಲಿಡುವುದೂ ಬೇಡ, ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಎತ್ತರಕ್ಕೆ ಕಣ್ಣು ಹಾಯಿಸಿದರೆ ಏನೂ ಕಾಣದು. ಈ ಹೂಗಳೆಲ್ಲ ಮೊಣಕಾಲಿನ ಕೆಳಗೆ. ಮಕ್ಕಳ ಕೈಗೆ ಒಂದು ಭೂತಗನ್ನಡಿ, ಒಂದು ಬರೆಯುವ ಪುಸ್ತಕ ಕೊಡಿ. ಮೊಬೈಲಿನಲ್ಲಿ ಫೋಟೊ ತೆಗೆಯಲಿ, ಬೇಡವೆನ್ನುವುದಿಲ್ಲ, ಆದರೆ ಒಂದಾದರೂ ಹೂವನ್ನು ಕೂತು ಬರೆಯಲಿ.

ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ನಡೆಯಲಾಗದವರಿಗೆ ಫೋಟೊ ತೋರಿಸಿ ಕೇಳಿ. ಪ್ರತಿ ಹೂವಿಗೂ ನಿಮ್ಮೂರಲ್ಲಿ ಏನನ್ನುತ್ತಾರೆ ಎಂಬುದನ್ನು, ಕನ್ನಡದಲ್ಲಿರಲಿ, ತುಳುವಿನಲ್ಲಿರಲಿ, ಬಡಗರ ಮಾತಿನಲ್ಲಿರಲಿ, ಊರು ಮತ್ತು ತಿಂಗಳ ಜೊತೆ ಬರೆದು ಕಳಿಸಿ. ಹೆಸರು ಹೇಳಿದವರು ಯಾರೆಂಬುದನ್ನೂ, ಅವರ ಒಪ್ಪಿಗೆ ಇದ್ದರೆ, ಬರೆಯಲು ಮರೆಯಬೇಡಿ. ಮುಂದಿನ ಸಂಚಿಕೆಯ ಪಟ್ಟಿಯಲ್ಲಿ ಅದು ಹೂವಿನ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಬರುತ್ತದೆ. ಅಂದು ಮಳೆ ಜೋರಿದ್ದರೆ ನಡಿಗೆ ಅದರ ಮುಂದಿನ ಭಾನುವಾರಕ್ಕೆ.